ಬಳ್ಳಿಯ ಸುತ್ತು

(ಸಂಘದ ಭಾದ್ರಪದ ಮಾಸದ ಕೂಟದಲ್ಲಿ ಮಾಡಿದ ಭಾಷಣ)



ನಾವು ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವವರು. ಓದಿದ್ದು ಬಿ.ಕಾಂ. ಹೀಗಿರಲಾಗಿ ಗಿಡಬಳ್ಳಿಗಳ ವಿಷಯವಾಗಿ ತಮ್ಮೆದುರು ಮಾತನಾಡಲು ನಿಂತಿರುವುದು ಅಧಿಕಪ್ರಸಂಗವೆಂದು ಯಾರಾದರೂ ಅಂದರೆ ನಮ್ಮ ಬಳಿ ಉತ್ತರವಿಲ್ಲ. ಕಾರ್ಯದರ್ಶಿಗಳು ಕಳೆದ ತಿಂಗಳು ನಮ್ಮನ್ನು ಹಿಡಿದು, ಬಡ್ಡಿಯ ದರಗಳನ್ನು ಕುರಿತು ನಾಲ್ಕು ಮಾತು ಹೇಳಿರೆಂದರು. ಬಡ್ಡಿಯ ಮಾತು ಕೇಳಲು ಜನ ಬ್ಯಾಂಕಿಗೇ ಒಲ್ಲದ ಮನಸ್ಸಿನಿಂದ ಬರುತ್ತಾರೆ. ರಜೆಯ ದಿನ ಸಂಘಕ್ಕೆ ಬಂದವರಿಗೆ ಆ ಶಿಕ್ಷೆ ಬೇಡವೆಂದು ಬಿನ್ನವಿಸಿಕೊಂಡೆವು. ಹಾಗಾದರೆ ನಿಮಗೆ ತಿಳಿದದ್ದು ಇನ್ನೇನಿದೆ ಎಂದು ಅವರು ಕೇಳಿದರು. ನಮ್ಮ ಕಟ್ಟಡದ ಹಿಂಬದಿಯಲ್ಲಿ ಒಂದು ಅವರೆಯ ಬಳ್ಳಿ ಇದೆ, ಅದರ ವಿಷಯ ಸ್ವಲ್ಪ ಗೊತ್ತು ಎಂದೆವು. ಅದನ್ನೇ ಹೇಳಿರಿ ಎಂದರು. ಆದ್ದರಿಂದ ಈ ಭಾಷಣದ ಹೊಣೆಯಲ್ಲಿ ಅರ್ಧ ಅವರದು.

ಮನುಷ್ಯನು ಕಟ್ಟಿದ್ದನ್ನು ಹಿಡಿದು ಬಳ್ಳಿ ಏರುವುದು ನಮಗೆ ಹೊಸ ನೋಟವೇನಲ್ಲ. ನಮ್ಮ ಧಾರವಾಡದ ಕಡೆ ಬಳ್ಳಿಗೆ ಹಾಕುವ ಆಸರೆಗೆ ಹಂದರವೆನ್ನುತ್ತಾರೆ. ಮದುವೆಯ ಚಪ್ಪರಕ್ಕೂ ಹಂದರವೆಂದೇ ಹೆಸರು. ಬಳ್ಳಿಗೊಂದು ಹಂದರ ಬೇಕು, ಮದುಮಗಳಿಗೊಂದು ಹಂದರ ಬೇಕು ಎಂದು ಹಿರಿಯರು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಆದರೆ ಊರು ಬಿಟ್ಟು ಬಂದವರಿಗೆ ಹಿತ್ತಿಲೆಲ್ಲಿ, ಹಂದರವೆಲ್ಲಿ? ಇಲ್ಲಿ ಬಳ್ಳಿ ಏರಬೇಕಾದದ್ದು ಬೇರೆಯವರ ಗೋಡೆ, ಕಿಟಕಿಯ ಸರಳು, ನೀರಿನ ಕೊಳವೆ, ಮಾಳಿಗೆಯಿಂದ ಇಳಿಬಿದ್ದ ತಂತಿ.

ಈ ಪುಣೆಯಲ್ಲಿಯೇ ಒಂದು ಬೆಳಗ್ಗೆ ನಡೆಯುತ್ತ ಹೋದರೆ ಏರುವ ಬಳ್ಳಿಗಳ ನಾಲ್ಕು ಪಂಗಡಗಳನ್ನೂ ನೋಡಬಹುದು. ಪ್ರಭಾತ ರಸ್ತೆಯ ಹಳೆಯ ಬಂಗಲೆಗಳ ಬಾಗಿಲ ಮೇಲೆ ಕಾಗದದ ಹೂವಿನ ಬಳ್ಳಿ ಇದೆಯಷ್ಟೆ, ಬೋಗನ್‌ವಿಲ್ಲಾ? ಅದು ದಕ್ಷಿಣ ಅಮೆರಿಕೆಯದು. 1766ರಿಂದ 1769ರವರೆಗೆ ಭೂಮಿಯನ್ನು ಸುತ್ತಿದ ಫ್ರೆಂಚ್ ನಾವಿಕ ಬೂಗನ್‌ವಿಲ್ಲನ ಹೆಸರು ಅದಕ್ಕೆ ಬಂದಿದೆ. ಅದು ಯಾವುದನ್ನೂ ಸುತ್ತುವುದಿಲ್ಲ, ಅಂಟುವುದೂ ಇಲ್ಲ. ಉದ್ದುದ್ದ ಕೊಂಬೆಗಳನ್ನು ಚಾಚಿ, ಮುಳ್ಳುಗಳನ್ನು ಕೊಕ್ಕೆಯಂತೆ ಸಿಕ್ಕಿಸಿ, ಆತುಕೊಂಡು ನಿಲ್ಲುತ್ತದೆ. ಇದು ಒಂದು ಪಂಗಡ.

ಎರಡನೆಯದು ಬೇರು ಅಂಟಿಸಿ ಏರುವ ಬಳ್ಳಿ. ಕಾಂಪೌಂಡ್ ಗೋಡೆಗೆ ಹಸಿರು ಬಣ್ಣ ಬಳಿದಂತೆ ಒತ್ತಾಗಿ ಹರಡುವ ಸಣ್ಣೆಲೆಯ ಬಳ್ಳಿಯನ್ನು ತಾವೆಲ್ಲ ಕಂಡಿರುತ್ತೀರಿ. ಸಸ್ಯಶಾಸ್ತ್ರಜ್ಞರು ಅದನ್ನು ಫೈಕಸ್ ಪ್ಯೂಮಿಲ ಎನ್ನುತ್ತಾರೆ. ಚೀಣ ಜಪಾನುಗಳ ಕಡೆಯಿಂದ ಬಂದದ್ದಾದರೂ ನಮ್ಮ ಆಲ, ಅತ್ತಿ, ಅರಳಿಗಳ ಕುಲದ್ದೇ. ಅದರ ಕಾಂಡದಿಂದ ಹೊರಡುವ ಕಿರುಬೇರುಗಳು ಒಂದು ಬಗೆಯ ಅಂಟನ್ನು ಒಸರಿ ಗೋಡೆಯನ್ನು ಹಿಡಿಯುತ್ತವೆ. ಕಿತ್ತರೆ ಬಣ್ಣದ ಸಮೇತ ಬರುತ್ತದೆ. ನಮ್ಮ ವೀಳ್ಯದೆಲೆ, ಮೆಣಸಿನ ಬಳ್ಳಿಗಳೂ ಗೆಣ್ಣಿನ ಬೇರುಗಳಿಂದಲೇ ಮರವನ್ನು ಹಿಡಿಯುತ್ತವೆ. ಅವುಗಳಿಗೆ ಮರದ ತೊಗಟೆಯೇ ಗೋಡೆ.

ಮೂರನೆಯದು ಹಾಗಲ, ಹೀರೆ, ಸೋರೆ, ಪಡವಲಗಳ ಪಂಗಡ. ಇವುಗಳಿಗೆ ಸುರುಳಿ ಕುಡಿಗಳಿವೆ. ದಾರದಂಥ ಆ ಕುಡಿ ಗಾಳಿಯಲ್ಲಿ ತಡಕಾಡಿ, ಕಿಟಕಿಯ ಸರಳು ಸೋಕಿದ ಕೂಡಲೇ ಬಾಗಿ ಹಿಡಿದುಕೊಳ್ಳುತ್ತದೆ. ಆಮೇಲೆ ನಡುವಿನ ಭಾಗ ಸ್ಪ್ರಿಂಗಿನಂತೆ ಸುರುಳಿಯಾಗಿ ಬಳ್ಳಿಯನ್ನು ಹತ್ತಿರಕ್ಕೆ ಎಳೆಯುತ್ತದೆ. ಒಂದು ಕೌತುಕವೆಂದರೆ, ಆ ಸುರುಳಿಯ ಒಂದರ್ಧ ಒಂದು ಕಡೆಗೂ ಇನ್ನರ್ಧ ಎದುರು ಕಡೆಗೂ ತಿರುಚಿರುತ್ತದೆ. ಎರಡು ತುದಿಯೂ ಕಟ್ಟಿದ ಹಗ್ಗವನ್ನು ನಡುವೆ ನುಲಿದರೆ ಹಾಗಲ್ಲದೆ ಬೇರೆ ದಾರಿಯಿಲ್ಲ. ನಾಳೆ ಮನೆಯಲ್ಲಿ ಹಾಗಲದ ಬಳ್ಳಿ ಇದ್ದವರು ಮಕ್ಕಳನ್ನು ಕರೆದು ತೋರಿಸಬಹುದು.

ನಾಲ್ಕನೆಯದು ನಮ್ಮ ಅವರೆಯ ಪಂಗಡ. ಇದಕ್ಕೆ ಮುಳ್ಳಿಲ್ಲ, ಅಂಟಿಲ್ಲ, ಕುಡಿಯಿಲ್ಲ. ತನ್ನ ಮೈಯನ್ನೇ ಆಸರೆಗೆ ಸುತ್ತಿ ಏರಬೇಕು. ಮಳೆಗಾಲ ಮುಗಿಯುವಾಗ ಬೇಲಿಯ ಮೇಲೂ ಕಂಬದ ತಂತಿಯ ಮೇಲೂ ಕೆಂಪು ನಕ್ಷತ್ರದಂಥ ಹೂ ಬಿಡುವ ಬಳ್ಳಿಗೆ ಇಲ್ಲಿಯವರು ಗಣೇಶವೇಲ ಎನ್ನುತ್ತಾರೆ, ನಾವು ಕಾಮಲತೆ ಎನ್ನುತ್ತೇವೆ. ಅದೂ ಈ ಪಂಗಡದ್ದೇ.

ಇನ್ನು ನಮ್ಮ ಮನೆಯ ಬಳ್ಳಿಗೆ ಬರೋಣ. ನಾವು ವರ್ಗವಾಗಿ ಪುಣೆಗೆ ಬಂದದ್ದು 2015ರಲ್ಲಿ. ಕೋಥರೂಡದ ಕಡೆಗೆ ಒಂದು ಹಳೆಯ ಮೂರು ಮಹಡಿಯ ಕಟ್ಟಡದಲ್ಲಿ ನೆಲಮಟ್ಟದ ಮನೆ ಸಿಕ್ಕಿತು. ತಂದೆಯವರು ಹೋದ ಮೇಲೆ, 2019ರಲ್ಲಿ, ತಾಯಿಯವರನ್ನು ಧಾರವಾಡದ ಬಳಿಯ ಹಳ್ಳಿಯಿಂದ ಕರೆದುಕೊಂಡು ಬಂದೆವು. ಅವರು ತಂದ ಗಂಟಿನಲ್ಲಿ ಎರಡು ಸೀರೆ, ತಂದೆಯವರ ಒಂದು ಪಟ, ಹಾಲಿನಪುಡಿಯ ಡಬ್ಬಿಯೊಂದರಲ್ಲಿ ಬೂದಿ ಬೆರೆಸಿಟ್ಟ ಚಪ್ಪರದವರೆಯ ಬೀಜ ಇದ್ದವು. ಬಿತ್ತಲು ಜಾಗವೆಲ್ಲಿ ಅವ್ವ ಎಂದರೆ, ಮಣ್ಣಿದ್ದಲ್ಲಿ ಜಾಗ ಇದ್ದೇ ಇರುತ್ತದೆ ಎಂದರು. ಮಣ್ಣು ಸಿಕ್ಕಿದ್ದು ಮೂರು ವರ್ಷ ಕಳೆದ ಮೇಲೆ. ಹಿಂಬದಿಯ ಮೋರಿಯ ಪಕ್ಕದಲ್ಲಿ ಒಂದು ಫರಸಿಕಲ್ಲು ಒಡೆದು ಒಂದು ಮೊಳದಷ್ಟು ನೆಲ ತೆರೆದಿತ್ತು. 2022ರ ಆಷಾಢದಲ್ಲಿ ಅವರು ಅಲ್ಲಿ ನಾಲ್ಕು ಬೀಜ ಊರಿದರು.

ಮೂರು ಹುಟ್ಟಿದವು, ಒಂದು ಉಳಿಯಿತು. ಮಾಳಿಗೆಯ ಮೇಲಿನಿಂದ ಯಾರೋ ಎಂದೋ ಹಾಕಿಸಿ ಬಿಟ್ಟುಬಿಟ್ಟ ಟಿ.ವಿ.ಯ ಕರಿಯ ಕೇಬಲ್ಲೊಂದು ಗೋಡೆಯ ಉದ್ದಕ್ಕೂ ತೂಗುತ್ತಿತ್ತು. ಬಳ್ಳಿಯ ತುದಿ ಒಂದು ದಿನ ಅದನ್ನು ಮುಟ್ಟಿತು. ಮರುದಿನ ನೋಡಿದರೆ ಸುತ್ತಿಕೊಂಡಿತ್ತು. ಶ್ರಾವಣ ಮುಗಿಯುವುದರೊಳಗೆ ಮೊದಲ ಮಹಡಿ ದಾಟಿ, ಎರಡನೆಯ ಮಹಡಿಯ ಕಿಟಕಿಯ ಸರಳಿಗೆ ಹಬ್ಬಿತು. ಊರಲ್ಲಿ ಹಂದರದ ಮೇಲೆ ಅಡ್ಡಡ್ಡ ಹರಡುವ ಬಳ್ಳಿ ಇಲ್ಲಿ ನೆಟ್ಟಗೆ ಆಕಾಶಕ್ಕೆ ಹೊರಟಿದೆಯಲ್ಲ ಎಂದು ತಾಯಿಯವರು ದಿನವೂ ಸಂಜೆ ಕುರ್ಚಿ ಹಾಕಿಕೊಂಡು ನೋಡುವರು. ಮರಾಠಿ ಅವರಿಗೆ ಬಾರದು. ಕಟ್ಟಡದ ಹೆಂಗಸರು ಬಂದು ಘೇವಡಾ, ಘೇವಡಾ ಎಂದರೆ, ಇವರು ಅವರೆ, ಅವರೆ ಎನ್ನುವರು. ಹೀಗೆ ಒಂದೊಂದೇ ಶಬ್ದದಲ್ಲಿ ಮೂರು ವರ್ಷಕ್ಕೆ ಮೊದಲ ಬಾರಿ ಅವರಿಗೆ ಇಲ್ಲಿ ಮಾತುಕತೆ ಕುದುರಿತು.

ಆ ಭಾದ್ರಪದದಲ್ಲಿ ಕಟ್ಟಡದ ಸದಸ್ಯರ ಸಭೆ ಕೂಡಿತು. ಎರಡನೆಯ ಮಹಡಿಯ ಮನೆಯ ಒಳಗೋಡೆಗೆ ತೇವ ಬಂದು ಬಣ್ಣ ಉದುರುತ್ತಿದೆ, ಬಳ್ಳಿಯ ಬೇರು ಗೋಡೆಯನ್ನು ಹೊಕ್ಕು ನೀರು ಇಳಿಸುತ್ತಿದೆ, ತೆಗೆಸಬೇಕು ಎಂದು ದೂರು ಬಂದಿತು. ನಾವು ಬ್ಯಾಂಕಿನವರೆಂಬ ಕಾರಣಕ್ಕೆ ಆ ವರ್ಷದ ಖಜಾಂಚಿಗಿರಿ ನಮ್ಮ ಕೊರಳಿಗೆ ಬಿದ್ದಿತ್ತು. ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು ಕುಳಿತಿದ್ದೆವು. ಬಳ್ಳಿ ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಯಾರೂ ನಮ್ಮ ಮುಖ ನೋಡಲಿಲ್ಲ. ಅದು ಅವರ ಸೌಜನ್ಯ. ನಿಮ್ಮ ಅಭಿಪ್ರಾಯವೇನೆಂದು ಅಧ್ಯಕ್ಷರು ಕೇಳಿದರು. ಸಭೆಯ ನಿರ್ಣಯದಂತೆ ಆಗಲಿ ಎಂದೆವು.

ಬಂಧುಗಳೇ, ಈ ಐದು ನಿಮಿಷಗಳನ್ನು ನೆನೆದರೆ ನಮಗೆ ಇಂದಿಗೂ ನಾಚಿಕೆಯಾಗುತ್ತದೆ. ನಮಗೆ ಅನುಮಾನವಿತ್ತು. ಹಳ್ಳಿಯಲ್ಲಿ ಮಣ್ಣಿನ ಗೋಡೆಗೆ ಒರಗಿ ಬೆಳೆದ ಅವರೆಯನ್ನು ಕಂಡವರು ನಾವು. ಅದು ಗೋಡೆ ಕೊರೆದದ್ದನ್ನು ಕಂಡಿರಲಿಲ್ಲ. ಒಬ್ಬ ಕೊಳಾಯಿಗಾರನನ್ನು ಕರೆಸಿ ನೋಡೋಣ ಎಂದು ಹೇಳಬಹುದಿತ್ತು. ಮರಾಠಿ ಬಾರದೆ ಸುಮ್ಮನಾದೆವೆಂದರೆ ಅದೂ ಸುಳ್ಳು. ಕೌಂಟರಿನಲ್ಲಿ ದಿನಕ್ಕೆ ನೂರು ಜನರೊಡನೆ ಮರಾಠಿಯಲ್ಲಿ ಮಾತನಾಡುವವರು ನಾವು. ನಿಜವಾದ ಕಾರಣ ಇಷ್ಟೇ: ನಾವು ಹೊರಗಿನಿಂದ ಬಂದವರು, ಒಂದು ಬಳ್ಳಿಗಾಗಿ ಮಾತು ಬೆಳೆಸುವುದೇಕೆ ಎಂದು ಒಳಗಿನಿಂದ ಯಾರೋ ಅಂದಂತಾಯಿತು. ಹೊರಗಿನವರೆಂದು ಸಭೆಯಲ್ಲಿ ಒಬ್ಬರೂ ಅನ್ನಲಿಲ್ಲ. ಅಂದುಕೊಂಡವರು ನಾವೇ.

ಭಾನುವಾರ ಆಳು ಬಂದು ಬುಡದಲ್ಲಿ ಕಡಿದ. ಆರು ನೂರು ರೂಪಾಯಿಯ ಚೀಟಿಗೆ ಸಹಿ ಮಾಡಿದವರೂ ನಾವೇ. ಇನ್ನೊಂದು ತಿಂಗಳು ಬಿಟ್ಟಿದ್ದರೆ ಹೂ ಬರುತ್ತಿತ್ತು. ತಾಯಿಯವರು ಆ ದಿನ ಕುರ್ಚಿ ಹೊರಗೆ ಹಾಕಲಿಲ್ಲ. ರಾತ್ರಿ ಊಟಕ್ಕೆ ಬಡಿಸುವಾಗ ಒಂದೇ ಮಾತು ಅಂದರು: ‘ಬಳ್ಳಿ ಅವರು ಕಡಿದರು, ಖರೆ. ಬಾಯಿ ಮಾತ್ರ ನೀನ ಹೊಲಕೊಂಡಿ.’

ಆಮೇಲೆ ನಾವು ಓದತೊಡಗಿದೆವು. ಮೊದಲೇ ಓದಿದ್ದರೆ ಮಾತನಾಡುವ ಧೈರ್ಯ ಬರುತ್ತಿತ್ತೇನೋ. ತಿಳಿದದ್ದನ್ನು ಇಲ್ಲಿ ಒಪ್ಪಿಸುತ್ತೇವೆ. ತಮ್ಮಲ್ಲಿ ಅನೇಕರು ಇಂಥ ಕಟ್ಟಡಗಳಲ್ಲೇ ಇದ್ದೀರಿ, ಉಪಯೋಗಕ್ಕೆ ಬಂದೀತು.

ಗೋಡೆಯನ್ನು ಕೆಡಿಸುವ ಗಿಡಗಳಲ್ಲಿ ಮೊದಲನೆಯದು ಬಳ್ಳಿಯೇ ಅಲ್ಲ. ಅರಳಿ, ಆಲ, ಬಸರಿಯ ಸಸಿಗಳು. ಹಕ್ಕಿ ಹಣ್ಣು ತಿಂದು ಹಿಕ್ಕೆ ಹಾಕಿದಲ್ಲಿ, ಗಾರೆಯ ಸಂದಿಯಲ್ಲಿ ಬೀಜ ಮೊಳೆಯುತ್ತದೆ. ಅದಕ್ಕೆ ಗೋಡೆಯೇ ನೆಲ. ಬೇರು ಸಂದಿಯಲ್ಲಿ ಇಳಿದು, ದಪ್ಪಗಾಗಿ, ಕಲ್ಲನ್ನು ಕಲ್ಲಿನಿಂದ ಬೇರ್ಪಡಿಸುತ್ತದೆ. ಈ ಊರಿನ ಹಳೆಯ ವಾಡೆಗಳಲ್ಲಿ, ನಮ್ಮ ಕಡೆಯ ಕೋಟೆಗಳಲ್ಲಿ ಇದನ್ನು ಕಾಣದವರಿಲ್ಲ. ಕಾಂಬೋಡಿಯದಲ್ಲಿ 1186ರಲ್ಲಿ ಏಳನೆಯ ಜಯವರ್ಮನು ಕಟ್ಟಿಸಿದ ತಾ ಪ್ರೋಮ್ ಎಂಬ ದೇವಾಲಯದಲ್ಲಿ ಇಂಥ ಹೆಮ್ಮರಗಳು ಗೋಡೆಗಳನ್ನು ಅಪ್ಪಿ ನಿಂತಿವೆ. ಅದರ ಜೀರ್ಣೋದ್ಧಾರಕ್ಕೆ ನಮ್ಮ ಭಾರತದ ಪುರಾತತ್ತ್ವ ಇಲಾಖೆಯವರೂ ಕೈಹಾಕಿದ್ದಾರೆ. ಮರವನ್ನು ಒಮ್ಮೆಗೇ ಕಿತ್ತರೆ ಅದು ಹಿಡಿದಿರುವ ಗೋಡೆಯೂ ಬಿದ್ದೀತೆಂಬುದು ಅಲ್ಲಿನ ತೊಡಕು.

ಬಳ್ಳಿಯ ರೀತಿ ಇದಕ್ಕೆ ತಿರುಗುಮುರುಗು. ಅದರ ಬೇರು ನೆಲದಲ್ಲಿ. ಗೋಡೆಯಿಂದ ಅದಕ್ಕೆ ಬೇಕಾದದ್ದು ಅನ್ನವಲ್ಲ, ಬೆಳಕಿನ ಕಡೆಗೆ ಹೋಗಲು ಒಂದು ಹಿಡಿ. ದಪ್ಪ ಕಾಂಡ ಬೆಳೆಸಲು ಮರ ಮಾಡುವ ಖರ್ಚನ್ನು ಬಳ್ಳಿ ಮಾಡುವುದಿಲ್ಲ. ಕಂಬದ ಬಂಡವಾಳ ಇನ್ನೊಬ್ಬರದು; ಎಲೆ, ಹೂ, ಕಾಯಿಗಳ ದುಡಿಮೆ ತನ್ನದು. ಬ್ಯಾಂಕಿನವರಾದ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸಾಲ ಪಡೆದವನು ಕಂತು ಕಟ್ಟುತ್ತಿರುವವರೆಗೆ ಅವನನ್ನು ಯಾರೂ ಕಳ್ಳನೆನ್ನುವುದಿಲ್ಲ.

ಹಾಗಾದರೆ ಬಳ್ಳಿಯಿಂದ ಗೋಡೆಗೆ ಕೇಡೇ ಇಲ್ಲವೆ? ಉಂಟು, ಅದು ಬಳ್ಳಿಯ ಪಂಗಡವನ್ನೂ ಗೋಡೆಯ ಸ್ಥಿತಿಯನ್ನೂ ಹೊಂದಿಕೊಂಡಿದೆ. ಬೇರು ಅಂಟಿಸುವ ಬಳ್ಳಿ ಬಿರುಕು ಬಿಟ್ಟ ಗೋಡೆಯ ಮೇಲಿದ್ದರೆ ಬೇರು ಬಿರುಕಿಗೆ ಇಳಿಯಬಹುದು. ಅಲ್ಲಿ ಎಚ್ಚರ ಬೇಕು. ಗೋಡೆ ಗಟ್ಟಿಯಾಗಿದ್ದರೆ ಲೆಕ್ಕ ಬೇರೆ. ಇಂಗ್ಲೆಂಡಿನಲ್ಲಿ ಹಳೆಯ ಕಟ್ಟಡಗಳ ಮೇಲಿನ ಐವಿ ಎಂಬ ಬಳ್ಳಿಯನ್ನು ಶತ್ರುವೆಂದೇ ಎಣಿಸಿ ಕಿತ್ತುಹಾಕುತ್ತಿದ್ದರು. ಅಲ್ಲಿನ ಪ್ರಾಚೀನ ಕಟ್ಟಡಗಳನ್ನು ಕಾಯುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಗಾಗಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಗೋಡೆಗಳ ಮೇಲೆ ಉಪಕರಣಗಳನ್ನಿಟ್ಟು ಅಳೆದು ನೋಡಿದರು. ಬಳ್ಳಿ ಹೊದ್ದ ಗೋಡೆ ಹಗಲು ಕಡಿಮೆ ಕಾಯುತ್ತದೆ, ಇರುಳು ಕಡಿಮೆ ತಣಿಯುತ್ತದೆ, ಕಲ್ಲಿಗೆ ಏರಿಳಿತದ ಪೆಟ್ಟು ಕಡಿಮೆಯಾಗುತ್ತದೆ ಎಂದು ಕಂಡುಬಂದಿತು. ಇನ್ನು ಅವರೆಯಂಥ ಸುತ್ತುಬಳ್ಳಿಗೆ ಗೋಡೆ ಹೊಗುವ ಬೇರೇ ಇಲ್ಲ. ನುಣುಪಾದ ಗೋಡೆಯನ್ನು ಅದು ತಾನಾಗಿ ಏರಲಾರದು. ಬಹಳ ದಪ್ಪನೆಯ ಕಂಬವನ್ನೂ ಸುತ್ತಲಾರದು. ತಂತಿಯೋ ಕೋಲೋ ಹಗ್ಗವೋ ಬೇಕು. ಎಲೆಯ ರಾಶಿ ಗೋಡೆಗೆ ಒತ್ತಿ ನಿಂತರೆ ಗಾಳಿಯಾಡದೆ ತಂಪು ಕೂತೀತು. ಅದಕ್ಕೆ ಮದ್ದು, ಗೋಡೆಯಿಂದ ಒಂದು ಗೇಣು ಬಿಟ್ಟು ತಂತಿ ಕಟ್ಟುವುದು; ಕಡಿಯುವುದಲ್ಲ.

2023ರ ಜನವರಿಯಲ್ಲಿ ಎರಡನೆಯ ಮಹಡಿಯವರ ಗೋಡೆಯ ತೇವ ಇನ್ನೂ ಹೆಚ್ಚಾಯಿತು. ಆಗ ಮಳೆಯೂ ಇರಲಿಲ್ಲ, ಬಳ್ಳಿಯೂ ಇರಲಿಲ್ಲ. ಕೊಳಾಯಿಗಾರ ಬಂದು ಸ್ನಾನದ ಮನೆಯ ಗೋಡೆ ಅಗೆದರೆ, ಒಳಗಿನ ಕೊಳವೆಯ ಒಂದು ಜೋಡಣೆ ಸಡಿಲಗೊಂಡು ಹನಿಹನಿಯಾಗಿ ಒಸರುತ್ತಿತ್ತು. ಅದೆಷ್ಟು ಕಾಲದಿಂದಲೋ. ಆ ಗೃಹಸ್ಥರು ಅಂದು ಸಂಜೆಯೇ ಕೆಳಗಿಳಿದು ನಮ್ಮ ಬಾಗಿಲಿಗೆ ಬಂದರು. ನಮ್ಮೊಡನಲ್ಲ, ತಾಯಿಯವರೊಡನೆ ಮಾತನಾಡಬೇಕೆಂದರು. ಮರಾಠಿಯಲ್ಲಿ ಏನೇನೋ ಹೇಳಿ ಕೈಮುಗಿದರು. ತಾಯಿಯವರು ನಮ್ಮ ಕಡೆ ತಿರುಗಿ, ಇವರು ಕ್ಷಮೆ ಕೇಳುತ್ತಿದ್ದಾರೇನು ಎಂದರು. ಹೌದೆಂದೆವು. ಅವರಿಗೆ ಚಹಾ ಕೊಡು ಎಂದು ಹೇಳಿ, ಒಳಗೆ ಹೋಗಿ ಹಾಲಿನಪುಡಿಯ ಡಬ್ಬಿ ತಂದು, ಅದರಲ್ಲಿ ಉಳಿದಿದ್ದ ಬೀಜಗಳನ್ನು ಮೇಜಿನ ಮೇಲೆ ಸುರಿದು ಎಣಿಸಿದರು. ಹನ್ನೊಂದು ಇದ್ದವು.

ಆ ವರ್ಷದ ಸಭೆಯಲ್ಲಿ ನಾವು ಎದ್ದು ನಿಂತು ಮಾತನಾಡಿದೆವು, ಮಹಾ ಭಾಷಣವೇನಲ್ಲ. ಬಳ್ಳಿಯಲ್ಲಿ ಪಂಗಡಗಳಿವೆ, ಇದು ಗೋಡೆ ಕೊರೆಯುವ ಪಂಗಡದ್ದಲ್ಲ, ಒಂದು ಗೇಣು ದೂರದಲ್ಲಿ ಕಂಬಿ ನಿಲ್ಲಿಸಿ ತಂತಿ ಕಟ್ಟುವ ಖರ್ಚು ನಮ್ಮದು, ಅಪ್ಪಣೆ ಕೊಡಬೇಕು ಎಂದೆವು. ಕೊಟ್ಟರು. ಎರಡು ಪ್ರಶ್ನೆ ಕೇಳಿದರು, ಒಬ್ಬರು ಹಾವು ಬಂದೀತೆಂದರು, ಒಬ್ಬರು ನಕ್ಕರು, ಕೊಟ್ಟರು. ಇಷ್ಟು ಸುಲಭವಾಗಿತ್ತೆಂದು ಹಿಂದಿನ ವರ್ಷ ನಮಗೆ ಯಾರು ಹೇಳಬೇಕಿತ್ತು?

ಇನ್ನು ಈ ಭಾಷಣಕ್ಕೆ ಕಾರಣವಾದ ಸಂಗತಿಯನ್ನು ಹೇಳಿ ಮುಗಿಸುತ್ತೇವೆ. ಆ ವರ್ಷ ಹೊಸ ಬಳ್ಳಿ ತಂತಿಗೆ ಬಂದಾಗ ನಮ್ಮ ಮಗಳಿಗೆ ಏಳು ವರ್ಷ. ಅವಳು ಆಟಕ್ಕೆಂದು ಬಳ್ಳಿಯ ತುದಿಯನ್ನು ಬಿಚ್ಚಿ ಎದುರು ದಿಕ್ಕಿಗೆ ಸುತ್ತಿ ದಾರ ಕಟ್ಟಿದಳು. ಬೈಯಲು ಹೋದ ನಮ್ಮನ್ನು ತಾಯಿಯವರು ತಡೆದು, ಇರಲಿ, ಅದಕ್ಕೆ ಗೊತ್ತಿದೆ ಎಂದರು. ನಾಲ್ಕೈದು ದಿನ ಕಳೆದು ನೋಡಿದರೆ, ಕಟ್ಟಿದ ಭಾಗ ಹಾಗೇ ಇತ್ತು. ಅದರಿಂದ ಮೇಲೆ ಹೊರಟ ಹೊಸ ಚಿಗುರು ಮಾತ್ರ ತನ್ನ ಹಳೆಯ ದಿಕ್ಕಿಗೇ ತಿರುಗಿ ಸುತ್ತಿತ್ತು.

ಇದನ್ನು ಬಹು ಹಿಂದೆಯೇ ಬಲ್ಲವರು ಅಭ್ಯಾಸ ಮಾಡಿದ್ದಾರೆ. ಚಾರ್ಲ್ಸ್ ಡಾರ್ವಿನ್ನರ ಹೆಸರನ್ನು ಕೇಳದವರಿಲ್ಲ. ಅವರು ಕಾಯಿಲೆಯಿಂದ ಕೋಣೆ ಬಿಟ್ಟು ಹೊರಬರಲಾರದೆ ಇದ್ದಾಗ, ಒಂದು ಬಳ್ಳಿಯ ಕುಂಡವನ್ನು ತಮ್ಮ ಕೋಣೆಯಲ್ಲೇ ಇರಿಸಿಕೊಂಡು, ಅದರ ತುದಿ ಗಾಳಿಯಲ್ಲಿ ಸುತ್ತು ಹಾಕುವುದನ್ನು ಹಗಲಿರುಳೂ ಗಮನಿಸಿದರು. ಏರುವ ಗಿಡಗಳ ಮೇಲೆ ಅವರು ಬರೆದ ಪ್ರಬಂಧ 1865ರಲ್ಲಿ ಪ್ರಕಟವಾಯಿತು, 1875ರಲ್ಲಿ ಪುಸ್ತಕವಾಯಿತು. ಹುರುಳಿಯ ಬಂಧುವಾದ ಬೀನ್ಸಿನ ಬಳ್ಳಿಯ ತುದಿ ಸುಮಾರು ಎರಡು ಗಂಟೆಗೆ ಒಂದು ಸುತ್ತು ತಿರುಗುತ್ತದೆಂದು ಅವರು ಲೆಕ್ಕ ಹಾಕಿದ್ದರು. ಕಣ್ಣಿಲ್ಲದ ಬಳ್ಳಿ ಆಸರೆಯನ್ನು ಹುಡುಕುವ ರೀತಿ ಇದು: ತುದಿಯನ್ನು ಸುತ್ತಲೂ ಬೀಸುತ್ತ ಬೀಸುತ್ತ, ಏನಾದರೂ ತಗುಲಿದರೆ ಸುತ್ತಿಕೊಳ್ಳುವುದು.

ಆ ಸುತ್ತಿಗೆ ಒಂದು ದಿಕ್ಕಿದೆ. ಬಲಗೈಯ ಹೆಬ್ಬೆರಳು ಮೇಲಾಗಿರುವಂತೆ ಒಂದು ಕೋಲನ್ನು ಹಿಡಿಯಿರಿ. ಉಳಿದ ಬೆರಳುಗಳು ಬಾಗುವ ದಿಕ್ಕಿನಲ್ಲೇ ಅವರೆ, ಬೀನ್ಸುಗಳು ಸುತ್ತಿ ಏರುತ್ತವೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಭೂಮಧ್ಯರೇಖೆಯ ಎರಡು ಪಕ್ಕದ ದೇಶಗಳಲ್ಲೂ ಸುತ್ತುಬಳ್ಳಿಗಳನ್ನು ಎಣಿಸಿ ನೋಡಿದ್ದಾರೆ. ನೂರಕ್ಕೆ 92 ಬಳ್ಳಿಗಳು ಈ ಬಲಗೈ ಸುತ್ತಿನವೇ. ಉಳಿದವು ಎಡಗೈ ಸುತ್ತಿನವು. ಉತ್ತರದಲ್ಲಿರಲಿ, ದಕ್ಷಿಣದಲ್ಲಿರಲಿ, ಊರು ಬದಲಾದರೆ ಸುತ್ತು ಬದಲಾಗುವುದಿಲ್ಲ. ಧಾರವಾಡದ ಹಂದರವಾದರೂ ಒಂದೇ, ಪುಣೆಯ ಟಿ.ವಿ. ಕೇಬಲ್ಲಾದರೂ ಒಂದೇ.

ಪರಊರಿನಲ್ಲಿರುವ ಕನ್ನಡಿಗರಿಗೆ ಉಪದೇಶ ಮಾಡುವವರು ಬೇರು ಮರೆಯಬೇಡಿ ಎನ್ನುತ್ತಾರೆ. ಸದುದ್ದೇಶದ ಮಾತೇ, ಆದರೆ ಬಳ್ಳಿಯನ್ನು ನೋಡಿದ ಮೇಲೆ ನಮಗೆ ಅದು ಪೂರ್ತಿ ಸರಿಯೆನ್ನಿಸದು. ಬೀಜ ಧಾರವಾಡದಿಂದ ಬಂದಿತು, ನಿಜ. ಬೇರು ಮಾತ್ರ ಬಿಟ್ಟದ್ದು ಇಲ್ಲಿಯ ಮಣ್ಣಿನಲ್ಲಿ, ಒಡೆದ ಫರಸಿಕಲ್ಲಿನ ಸಂದಿಯಲ್ಲಿ. ಬೇರು ಇಲ್ಲಿ ಇಳಿಯದೆ ಅದು ಒಂದು ದಿನವೂ ಬದುಕುತ್ತಿರಲಿಲ್ಲ. ಅಷ್ಟೇ ಅಲ್ಲ, ನಮ್ಮದು, ನಮ್ಮದು ಎನ್ನುವ ಅವರೆಯೇ ಮೂಲತಃ ಆಫ್ರಿಕೆಯದೆಂದು ವಿದ್ವಾಂಸರ ಎಣಿಕೆ. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಅಗೆದಾಗ ಮೂರು ಸಾವಿರ ವರ್ಷಕ್ಕೂ ಹಿಂದಿನ ಅವರೆಯ ಕಾಳು ಸಿಕ್ಕಿದೆ. ಅಂದಮೇಲೆ ಅದು ನಮಗಿಂತ ಮೊದಲೇ ವಲಸೆ ಬಂದು ಬೇರೂರಿ ನಮ್ಮದಾದ ಬಳ್ಳಿ. ಬೇರನ್ನು ಇದ್ದ ಊರಿನಲ್ಲೇ ಬಿಡಬೇಕು. ಜೊತೆಗೆ ತಂದದ್ದು ಸುತ್ತು. ಅದನ್ನು ಬಿಡಬೇಕಾಗಿಲ್ಲ; ಅಡಗಿಸಿಡಬೇಕಾಗಿಯೂ ಇಲ್ಲ.

ಹಾಗಾದರೆ ನಮ್ಮ ಮಕ್ಕಳು ಅಂಗಳದಲ್ಲಿ ಮರಾಠಿ, ಅಡಿಗೆಮನೆಯಲ್ಲಿ ಕನ್ನಡ ಆಡುತ್ತಾರಲ್ಲ, ಅವರ ಸುತ್ತು ಯಾವುದು ಎಂದು ತಾವು ಕೇಳಬಹುದು. ಡಾರ್ವಿನ್ನರೇ ಒಂದು ಬಳ್ಳಿಯನ್ನು ಹೇಳಿದ್ದಾರೆ; ಬದನೆಯ ಕುಲದ್ದು, ಇಂಗ್ಲೆಂಡಿನ ಬೇಲಿಗಳಲ್ಲಿ ಬೆಳೆಯುವಂಥದು. ಅದು ಎಡಕ್ಕೂ ಸುತ್ತಬಲ್ಲದು, ಬಲಕ್ಕೂ ಸುತ್ತಬಲ್ಲದು. ಬಳ್ಳಿಗಳಲ್ಲಿ ಇದು ಅಪರೂಪ, ಮನುಷ್ಯರಲ್ಲಿ ಅಪರೂಪವಲ್ಲ. ದ. ರಾ. ಬೇಂದ್ರೆಯವರ ಮನೆಮಾತು ಮರಾಠಿ. ಅವರು ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಆದವರು. ಕನ್ನಡಕ್ಕೆ ಅವರು ಕೊಟ್ಟದ್ದೇನೆಂದು ಈ ಸಭೆಗೆ ಹೇಳಬೇಕಾಗಿಲ್ಲ. ಗದುಗಿನ ಕಡೆಯ ಭೀಮಸೇನ ಜೋಶಿಯವರು ಪುಣೆಯಲ್ಲಿ ನೆಲೆಸಿ, ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ಹೆಸರಿನಲ್ಲಿ 1953ರಲ್ಲಿ ಸಂಗೀತೋತ್ಸವ ಆರಂಭಿಸಿದರು. 2011ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ಊರಿನವರೇ ಆಗಿದ್ದರು. ಮರಾಠಿಯ ಅಭಂಗವನ್ನೂ ಕನ್ನಡದ ದಾಸರ ಪದವನ್ನೂ ಒಂದೇ ಕಂಠದಲ್ಲಿ ಹಾಡಿದರು. ಈ ಊರು ಅವರನ್ನು ಬುಡದಲ್ಲಿ ಕಡಿಯಲಿಲ್ಲ, ಅವರಿಗೆ ಹಂದರವಾಯಿತು. ಆದ್ದರಿಂದ ಮಗು ಎರಡು ಕಡೆಗೂ ಸುತ್ತಿದರೆ ಹೆದರಬೇಕಾಗಿಲ್ಲ. ಅಜ್ಜಿಯ ಎದುರು ಕುಳಿತಾಗ ಆ ಕಡೆಗೆ ತಿರುಗಲು ಬಾರದೆ ಹೋದೀತು ಎಂಬುದಷ್ಟೇ ಹೆದರಬೇಕಾದ ಸಂಗತಿ; ಅದು ಮಗುವಿನ ತಪ್ಪಾಗಿರುವುದಿಲ್ಲ. ಸಭೆಯಲ್ಲಿ ಬಾಯಿ ಹೊಲಿದುಕೊಂಡು ಕುಳಿತ ತಂದೆಯದಾಗಿರುತ್ತದೆ. ಇದನ್ನು ನಮ್ಮನ್ನು ಕುರಿತೇ ಹೇಳಿಕೊಂಡದ್ದೆಂದು ತಿಳಿದು ಯಾರೂ ಬೇಸರಿಸಬಾರದು.

ಬಳ್ಳಿಗೆ ಕಾಯಿ ಭಾರವೇ ಎಂದು ನಮ್ಮಲ್ಲಿ ಗಾದೆಯುಂಟು. ಮಕ್ಕಳು ತಾಯಿಗೆ ಹೊರೆಯಲ್ಲ ಎಂಬ ಅರ್ಥದಲ್ಲಿ ಆಡುತ್ತೇವೆ. ಹಂದರಕ್ಕೂ ಬಳ್ಳಿ ಭಾರವಲ್ಲವೆಂದು ನಮ್ಮ ಕಟ್ಟಡದವರು ಈಗ ಒಪ್ಪಿಕೊಂಡಿದ್ದಾರೆ. ಹೋದ ಚಳಿಗಾಲದಲ್ಲಿ ಕಾಯಿ ಬಂದಾಗ, ಎಲ್ಲರ ಮನೆಗೂ ಒಂದೊಂದು ಹಿಡಿ ಹಂಚಿದ ಮೇಲೆ ತಾಯಿಯವರು ಬಲಿತದ್ದನ್ನು ಒಣಗಿಸಿ, ಬೂದಿ ಬೆರೆಸಿ ಬೀಜ ಮಾಡಿಟ್ಟಿದ್ದಾರೆ. ಹಾಲಿನಪುಡಿಯ ಡಬ್ಬಿ ಸಾಲದೆ ಎರಡನೆಯ ಡಬ್ಬಿ ಬಂದಿದೆ. ಈ ವರ್ಷದ ಬಳ್ಳಿ ಈಗ ಎರಡನೆಯ ಮಹಡಿಯ ಕಿಟಕಿಯ ಕೆಳಗಿದೆ. ಹಗಲು ಕಿರಿದಾಗುತ್ತ ಬಂದಂತೆ ಅದಕ್ಕೆ ಹೂವಿನ ಕಾಲ ಬರುತ್ತದೆ. ನವೆಂಬರ್ 1ರಂದು ರಾಜ್ಯೋತ್ಸವಕ್ಕೆ ನಾವು ಇಲ್ಲಿ ಸೇರುವ ಹೊತ್ತಿಗೆ ನೇರಳೆ ಹೂ ಬಿಟ್ಟಿರುತ್ತದೆಂದು ನಂಬಿದ್ದೇವೆ.

ತಾಯಿಯವರು ಇದೇ ಸಭೆಯಲ್ಲಿ, ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ. ಮಗ ಇಷ್ಟು ಹೊತ್ತು ಬಾಯಿ ಬಿಟ್ಟು ಮಾತನಾಡಿದ್ದನ್ನು ಮೊದಲ ಸಲ ನೋಡುತ್ತಿದ್ದಾರೆ. ಅವರ ಚೀಲದಲ್ಲಿ ಕಾಗದದ ಪೊಟ್ಟಣಗಳಿವೆ, ಒಂದೊಂದರಲ್ಲಿ ಐದೈದು ಬೀಜ. ಹೋಗುವಾಗ ಮನೆಗೊಂದರಂತೆ ತೆಗೆದುಕೊಂಡು ಹೋಗಬೇಕೆಂದು ಅವರ ಪರವಾಗಿ ಅರಿಕೆ. ಈಗಲೇ ಊರಬೇಡಿ; ಬರುವ ಆಷಾಢದ ಮಳೆ ಬೀಳಲಿ. ಗೋಡೆಯಿಂದ ಒಂದು ಗೇಣು ಬಿಟ್ಟು ತಂತಿ ಕಟ್ಟಿರಿ. ಮೊದಲು ಕಟ್ಟಡದವರನ್ನು ಕೇಳಿರಿ. ಮರಾಠಿಯಲ್ಲಾಗಲಿ, ಹಿಂದಿಯಲ್ಲಾಗಲಿ, ಕೈಸನ್ನೆಯಲ್ಲಾಗಲಿ, ಎದ್ದು ನಿಂತು ಕೇಳಿರಿ. ಬಳ್ಳಿ ಯಾವ ಕಡೆಗೆ ಸುತ್ತಬೇಕೆಂದು ಮಾತ್ರ ಅದಕ್ಕೆ ಹೇಳಿಕೊಡಲು ಹೋಗಬೇಡಿ.